ಶಿಲುಬೆ, ಮತಪೆಟ್ಟಿಗೆ, ಬಂಡವಾಳ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಚುನಾವಣೆ ಬಂದಾಗಲೆಲ್ಲ ಗೆಳೆಯರಿಂದ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಬೈಬಲ್ ಹಿಡಿದವರು ಸಿರಿವಂತರ ತೆರಿಗೆ ಇಳಿಸುವ ರಿಪಬ್ಲಿಕನ್ ಪಕ್ಷದ ಬೆನ್ನಿಗೆ ಏಕೆ ನಿಲ್ಲುತ್ತಾರೆ? ಬಡಗಿಯ ಮಗನ ಹೆಸರಿನಲ್ಲಿ ನಡೆಯುವ ಧರ್ಮಕ್ಕೂ ಷೇರುಪೇಟೆಗೂ ಎಲ್ಲಿಯ ನೆಂಟಸ್ತಿಕೆ? ನಾನು ಕರಾವಳಿಯ ಪ್ರೊಟೆಸ್ಟೆಂಟ್ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಬೆಳೆದವನು. ಈ ವಿಷಯದಲ್ಲಿ ತಟಸ್ಥನೆಂದು ಹೇಳಿಕೊಳ್ಳುವುದಿಲ್ಲ. ಅಮೆರಿಕದಲ್ಲಿ ಇಂದು ಕಾಣುವ ಧರ್ಮ, ಪಕ್ಷ, ಮಾರುಕಟ್ಟೆಗಳ ಸಖ್ಯವನ್ನು ಸುಮಾರು ತೊಂಬತ್ತು ವರ್ಷಗಳಿಂದ ಜನ ಬೇಕೆಂದೇ, ದುಡ್ಡು ಹಾಕಿ ಕಟ್ಟಿದ್ದಾರೆ ಎಂಬುದು ನನ್ನ ನಂಬಿಕೆ. ಅದಕ್ಕಾಗಿಯೇ ಹೆಚ್ಚಿನ ಉತ್ತರಗಳು ಅಮೆರಿಕದ ಸುತ್ತಲೇ ಇವೆ. ಯುರೋಪ್, ಲ್ಯಾಟಿನ್ ಅಮೆರಿಕ ಮತ್ತು ನಮ್ಮ ಮಂಗಳೂರಿನ ಮಾತು ನಡುವೆ ಬರುತ್ತದೆ.

ಯೇಸು ಬಂಡವಾಳಶಾಹಿಯ ಪರವಾಗಿದ್ದನೇ, ವಿರುದ್ಧವಾಗಿದ್ದನೇ?

ಅವನ ಕಾಲದಲ್ಲಿ ಬಂಡವಾಳಶಾಹಿ ಇರಲಿಲ್ಲ. ಹಣವಿತ್ತು, ಸಾಲವಿತ್ತು, ದಿನಗೂಲಿಯಿತ್ತು, ರೋಮಿನ ತೆರಿಗೆಯಿತ್ತು. ಅವುಗಳ ಬಗ್ಗೆ ಅವನು ಮತ್ತೆ ಮತ್ತೆ ಮಾತನಾಡಿದ್ದಾನೆ. ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾರಿರಿ ಎಂಬ ಮಾತು, ಸಿರಿವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಎಂಬ ಮಾತು ಕ್ರೈಸ್ತರಲ್ಲದವರಿಗೂ ಗೊತ್ತು.

ಮತ್ತಾಯನ ಸುವಾರ್ತೆಯ ಎರಡು ಸಾಮ್ಯಗಳು (ದೃಷ್ಟಾಂತ ಕಥೆಗಳು) ಈ ಜಗಳದಲ್ಲಿ ಸದಾ ಎದುರುಬದುರಾಗುತ್ತವೆ. 25ನೆಯ ಅಧ್ಯಾಯದಲ್ಲಿ ಯಜಮಾನನು ಆಳುಗಳಿಗೆ ತಲಾಂತುಗಳನ್ನು, ಅಂದರೆ ದೊಡ್ಡ ಮೊತ್ತದ ಹಣವನ್ನು, ಕೊಟ್ಟು ದೇಶಾಂತರ ಹೋಗುತ್ತಾನೆ. ವ್ಯಾಪಾರ ಮಾಡಿ ದುಪ್ಪಟ್ಟು ಮಾಡಿದವರಿಗೆ ಹೊಗಳಿಕೆ, ಹೂತಿಟ್ಟವನಿಗೆ ಬೈಗುಳ. ಮಾರುಕಟ್ಟೆಯ ಪರವಾದ ಪ್ರಸಂಗಗಳೆಲ್ಲ (ಉಪದೇಶಗಳೆಲ್ಲ) ಇದರ ಮೇಲೆಯೇ ನಿಲ್ಲುತ್ತವೆ. 20ನೆಯ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಒಡೆಯನು ಬೆಳಿಗ್ಗೆ ಬಂದ ಕೂಲಿಯಾಳಿಗೂ ಸಂಜೆ ಒಂದು ಗಂಟೆ ದುಡಿದವನಿಗೂ ಒಂದೇ ದಿನಗೂಲಿ ಕೊಡುತ್ತಾನೆ. ಮೊದಲು ಬಂದವರು ಗೊಣಗುತ್ತಾರೆ. ಯಾರೂ ಕೆಲಸ ಕೊಡದೆ ಸಂಜೆಯವರೆಗೆ ಪೇಟೆಬೀದಿಯಲ್ಲಿ ನಿಂತಿದ್ದವನಿಗೂ ಹೊಟ್ಟೆಯಿದೆ ಎಂಬುದು ಆ ಕಥೆಯ ಒಳಗಿನ ಮಾತು. ಇಂಗ್ಲೆಂಡಿನ ಲೇಖಕ ರಸ್ಕಿನ್ ತನ್ನ ಅರ್ಥಶಾಸ್ತ್ರದ ಪ್ರಬಂಧಗಳಿಗೆ 'ಅಂಟು ದಿಸ್ ಲಾಸ್ಟ್' ಎಂಬ ಹೆಸರು ತೆಗೆದುಕೊಂಡದ್ದು ಈ ಸಾಮ್ಯದಿಂದಲೇ. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಅದನ್ನು ಓದಿದ ಗಾಂಧೀಜಿ ಫೀನಿಕ್ಸ್ ಆಶ್ರಮ ಕಟ್ಟಿದರು, ಮುಂದೆ 'ಸರ್ವೋದಯ' ಎಂದು ಗುಜರಾತಿಗೆ ತಂದರು. ನಮ್ಮ ದೇಶದ ಆರ್ಥಿಕ ಚಿಂತನೆಯಲ್ಲಿ ಆ ದ್ರಾಕ್ಷಿತೋಟದ ಕೂಲಿಯವನಿಗೂ ಪಾಲಿದೆ.

ಮೊದಲ ಸಭೆ ಕಮ್ಯುನಿಸ್ಟ್ ಆಗಿತ್ತಂತೆ, ನಿಜವೇ?

ಅಪೊಸ್ತಲರ ಕೃತ್ಯಗಳ 2 ಮತ್ತು 4ನೆಯ ಅಧ್ಯಾಯಗಳಲ್ಲಿ ವಿಶ್ವಾಸಿಗಳು ಹೊಲಮನೆ ಮಾರಿ ಹಣ ತಂದದ್ದು, ಅವರವರ ಅಗತ್ಯಕ್ಕೆ ತಕ್ಕಂತೆ ಹಂಚಿದ್ದು ಬರೆದಿದೆ. ಅಲ್ಲಿ ಸರ್ಕಾರವಿಲ್ಲ, ಜಪ್ತಿಯಿಲ್ಲ. ಸ್ವಇಚ್ಛೆಯಿಂದ ನಡೆದದ್ದು. ಕಮ್ಯುನಿಸಂ ಎಂಬ ಹೆಸರು ಅದಕ್ಕೆ ಒಪ್ಪುವುದಿಲ್ಲ. ಆದರೆ 'ಸ್ವಇಚ್ಛೆಯಿಂದ' ಎಂದ ಕೂಡಲೇ ಸಮಾಧಾನಗೊಂಡು ಪುಟ ತಿರುವುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯವು ಪೈರು ಕೊಯ್ದವರ ಕೂಲಿಯನ್ನು ಹಿಡಿದಿಟ್ಟುಕೊಂಡ ಸಿರಿವಂತರನ್ನು ನೇರವಾಗಿ ಶಪಿಸುತ್ತದೆ. ಕೂಲಿ ಕೊಡುವುದು ದಾನವಲ್ಲ.

ಬಡ್ಡಿ ಪಾಪ ಎನ್ನುತ್ತಿದ್ದವರು ಬ್ಯಾಂಕಿಗೆ ಹೇಗೆ ಒಗ್ಗಿಕೊಂಡರು?

ನಿಧಾನವಾಗಿ, ನೂರಾರು ವರ್ಷಗಳಲ್ಲಿ. 1179ರಲ್ಲಿ ಕಥೋಲಿಕ ಬಿಷಪರು ಸೇರಿದ ಮೂರನೆಯ ಲ್ಯಾಟೆರನ್ ಮಹಾಸಭೆಯು ಬಡ್ಡಿ ವ್ಯವಹಾರಕ್ಕೆ ಕುಖ್ಯಾತರಾದವರಿಗೆ ಪ್ರಭುಭೋಜನವನ್ನೂ ಕ್ರೈಸ್ತ ಶವಸಂಸ್ಕಾರವನ್ನೂ ನಿರಾಕರಿಸಿತು. ಅದೇ ಕಥೋಲಿಕ ಸಭೆಯ ಪೋಪರ ಹಣವನ್ನು 15ನೆಯ ಶತಮಾನದಲ್ಲಿ ಫ್ಲಾರೆನ್ಸಿನ ಮೆದಿಚಿ ಬ್ಯಾಂಕು ನಿಭಾಯಿಸುತ್ತಿತ್ತು. ವಿನಿಮಯ ದರ, ನಷ್ಟಪರಿಹಾರ ಎಂಬ ಹೆಸರುಗಳಲ್ಲಿ ಬಡ್ಡಿ ಹಿಂಬಾಗಿಲಿನಿಂದ ಒಳಗೆ ಬಂತು. 16ನೆಯ ಶತಮಾನದಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಮಿತವಾದ ಬಡ್ಡಿಯನ್ನು ಬಹಿರಂಗವಾಗಿ ಒಪ್ಪಿದ, ಬಡವನಿಂದ ಮಾತ್ರ ತೆಗೆದುಕೊಳ್ಳಬಾರದು ಎಂದ.

ಬಂಡವಾಳಶಾಹಿ ಹುಟ್ಟಿದ್ದೇ ಪ್ರೊಟೆಸ್ಟೆಂಟರಿಂದ ಎಂದು ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಹೆಸರಿನಲ್ಲಿ ಹೇಳುವವರಿದ್ದಾರೆ. ವೆಬರ್ ಅಷ್ಟು ಸರಳವಾಗಿ ಹೇಳಲಿಲ್ಲ. ದುಡಿಮೆಯನ್ನು ದೇವರ ಕರೆ ಎಂದು ನೋಡುವ, ಗಳಿಸಿದ್ದನ್ನು ಭೋಗಿಸದೆ ಮತ್ತೆ ಹೂಡುವ ಮನೋಧರ್ಮಕ್ಕೆ ಪ್ಯೂರಿಟನ್ ಎಂಬ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟರ ಶಿಸ್ತು ಇಂಬು ಕೊಟ್ಟಿತು ಎಂಬುದು ಅವರ ವಾದ. ವೆನಿಸ್, ಫ್ಲಾರೆನ್ಸ್‌ಗಳ ಕಥೋಲಿಕ ವರ್ತಕರು ಪ್ರೊಟೆಸ್ಟೆಂಟ್ ಪಂಥದ ಮೂಲಪುರುಷ ಲೂಥರ್ ಹುಟ್ಟುವ ಮೊದಲೇ ಲೆಕ್ಕದ ಪುಸ್ತಕ ಬರೆಯುತ್ತಿದ್ದರು.

ಅಮೆರಿಕದ ಭಕ್ತರು ಯಾವಾಗಲೂ ರಿಪಬ್ಲಿಕನ್ ಪಕ್ಷದವರೇ ಆಗಿದ್ದರೇ?

ಇಲ್ಲ. 1896ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಿದ್ದ ವಿಲಿಯಂ ಜೆನಿಂಗ್ಸ್ ಬ್ರಯಾನ್ ಕಟ್ಟಾ ಬೈಬಲ್ ನಂಬುಗೆಯವರು. ಸಾಲದಲ್ಲಿ ಮುಳುಗಿದ ರೈತರ ಪರವಾಗಿ, ಬ್ಯಾಂಕುಗಳ ವಿರುದ್ಧವಾಗಿ ಮಾತನಾಡುತ್ತ, ಹಣವನ್ನು ಚಿನ್ನಕ್ಕೆ ಕಟ್ಟಿಹಾಕಿದ ನೀತಿಯನ್ನು ಹಳಿಯುತ್ತ, ಮನುಕುಲವನ್ನು ಚಿನ್ನದ ಶಿಲುಬೆಗೆ ಜಡಿಯಬೇಡಿ ಎಂದು ಅವರು ಗುಡುಗಿದರು. ಅದೇ ಬ್ರಯಾನ್ 1925ರಲ್ಲಿ ಟೆನೆಸಿಯ ನ್ಯಾಯಾಲಯದಲ್ಲಿ ವಿಕಾಸವಾದದ ಪಾಠದ ವಿರುದ್ಧ ವಾದಿಸಿದರು. ಇಂದಿನ ಎಡ ಬಲಗಳ ಚೌಕಟ್ಟಿನಲ್ಲಿ ಈ ಮನುಷ್ಯನನ್ನು ಕೂರಿಸಲು ಆಗುವುದೇ ಇಲ್ಲ.

ಅದೇ ಕಾಲದಲ್ಲಿ ನ್ಯೂಯಾರ್ಕಿನ ಹೆಲ್ಸ್ ಕಿಚನ್ ಎಂಬ ಬಡ ಕೇರಿಯ ಅಂಚಿನಲ್ಲಿ ವಾಲ್ಟರ್ ರೌಶೆನ್‌ಬುಷ್ ಎಂಬ ಬ್ಯಾಪ್ಟಿಸ್ಟ್ ಪಾಸ್ಟರ್ ಸಭೆ ನಡೆಸುತ್ತಿದ್ದರು. ಮಕ್ಕಳ ಶವಸಂಸ್ಕಾರಗಳನ್ನು ಮಾಡಿ ಮಾಡಿ, ಪಾಪ ಎನ್ನುವುದು ಒಬ್ಬೊಬ್ಬರ ಎದೆಯೊಳಗೆ ಮಾತ್ರವಲ್ಲ, ಬಾಡಿಗೆ ಮನೆಗಳಲ್ಲಿ, ಕಾರ್ಖಾನೆಗಳಲ್ಲಿ ಕೂಡ ಇದೆ ಎಂಬ ತೀರ್ಮಾನಕ್ಕೆ ಬಂದರು. ಇವರಂಥವರ ಚಿಂತನೆಗೆ ಸಾಮಾಜಿಕ ಸುವಾರ್ತೆ ಎಂದು ಹೆಸರಾಯಿತು. 1908ರಲ್ಲಿ ಮೆಥಡಿಸ್ಟ್ ಸಭೆಯೂ, ಆ ಬಳಿಕ ಪ್ರೊಟೆಸ್ಟೆಂಟ್ ಸಭೆಗಳ ಒಕ್ಕೂಟವೂ ಬಾಲಕಾರ್ಮಿಕ ಪದ್ಧತಿ ನಿಲ್ಲಬೇಕು, ಬದುಕಲು ಸಾಕಾಗುವ ಕೂಲಿ ಬೇಕು, ವಾರಕ್ಕೊಂದು ರಜೆ ಬೇಕು ಎಂದು ಅಧಿಕೃತವಾಗಿ ಘೋಷಿಸಿದವು.

ದಕ್ಷಿಣದ ಬಿಳಿಯ ಬ್ಯಾಪ್ಟಿಸ್ಟರು ಅಂತರ್ಯುದ್ಧದ ನಂತರ ಸುಮಾರು ನೂರು ವರ್ಷ ಡೆಮಾಕ್ರಟಿಕ್ ಪಕ್ಷಕ್ಕೇ ಮತ ಹಾಕಿದರು. ಅದಕ್ಕೆ ಬಡವರ ಮೇಲಿನ ಪ್ರೀತಿ ಕಾರಣವಲ್ಲ. ಅಲ್ಲಿ ಆ ಪಕ್ಷ ಬಿಳಿಯರ ಯಜಮಾನಿಕೆಯ ಪಕ್ಷವಾಗಿತ್ತು. ಅವರ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟ 1845ರಲ್ಲಿ ಬೇರೆಯಾದದ್ದೇ ಗುಲಾಮರ ಒಡೆಯರು ಮಿಷನರಿಗಳಾಗಬಹುದೇ ಎಂಬ ಜಗಳದಲ್ಲಿ.

ಹಾಗಾದರೆ ಗಾಳಿ ತಿರುಗಿದ್ದು ಯಾವಾಗ?

1929ರ ಷೇರುಪೇಟೆ ಕುಸಿತದ ನಂತರ ವ್ಯಾಪಾರಿ ವರ್ಗದ ಮಾನ ಬೀದಿಗೆ ಬಿದ್ದಿತ್ತು. ಅಧ್ಯಕ್ಷ ರೂಸ್‌ವೆಲ್ಟರ ಸರ್ಕಾರ ಪಿಂಚಣಿ, ಕಾರ್ಮಿಕ ಸಂಘದ ಹಕ್ಕು, ಬ್ಯಾಂಕಿನ ಮೇಲೆ ನಿಯಂತ್ರಣ ತಂದಿತು. ಅನೇಕ ಪಾಸ್ಟರುಗಳು ಅದನ್ನು ಸ್ವಾಗತಿಸಿದರು. ಕಾರ್ಖಾನೆ ಮಾಲೀಕರು ತಮ್ಮ ಪರವಾಗಿ ತಾವೇ ಮಾತನಾಡಿದರೆ ಜನ ನಂಬುತ್ತಿರಲಿಲ್ಲ. ಬೇರೆ ಬಾಯಿ ಬೇಕಾಗಿತ್ತು.

ಆ ಬಾಯಿ ಲಾಸ್ ಏಂಜಲೀಸಿನಲ್ಲಿ ಸಿಕ್ಕಿತು. ಅಲ್ಲಿನ ಫಸ್ಟ್ ಕಾಂಗ್ರಿಗೇಷನಲ್ ಸಭೆಯ ಪಾಸ್ಟರ್ ಜೇಮ್ಸ್ ಫೈಫೀಲ್ಡ್ 1935ರಲ್ಲಿ 'ಸ್ಪಿರಿಚುವಲ್ ಮೊಬಿಲೈಸೇಷನ್' ಎಂಬ ಸಂಘಟನೆ ಹುಟ್ಟುಹಾಕಿದರು. ಮನುಷ್ಯನನ್ನು ದೇವರು ಒಬ್ಬೊಬ್ಬನಾಗಿ ಸೃಷ್ಟಿಸಿದ, ಒಬ್ಬೊಬ್ಬನಾಗಿಯೇ ರಕ್ಷಿಸುತ್ತಾನೆ. ಮುಕ್ತ ಮಾರುಕಟ್ಟೆಯೂ ಒಬ್ಬೊಬ್ಬನ ದುಡಿಮೆಗೇ ಫಲ ಕೊಡುತ್ತದೆ. ಆದ್ದರಿಂದ ಎರಡರ ಮೂಲವೂ ಒಂದೇ ಎಂಬುದು ಅವರ ವಾದ. ಕಲ್ಯಾಣ ರಾಜ್ಯವು ದೇವರ ಜಾಗದಲ್ಲಿ ಸರ್ಕಾರವನ್ನು ಕೂರಿಸುತ್ತದೆ, ಒಬ್ಬನ ಸ್ವತ್ತನ್ನು ಇನ್ನೊಬ್ಬನಿಗೆ ಕೊಟ್ಟು ಕದಿಯಬಾರದು ಎಂಬ ಆಜ್ಞೆಯನ್ನು ಮುರಿಯುತ್ತದೆ ಎಂದು ಅವರು ಬೋಧಿಸಿದರು. 1940ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಉದ್ಯಮಿಗಳ ರಾಷ್ಟ್ರೀಯ ಸಂಘದ ವಾರ್ಷಿಕ ಸಮಾವೇಶದಲ್ಲಿ ಫೈಫೀಲ್ಡ್ ಮಾತನಾಡಿದಾಗ ಅವರಿಗೆ ಸಿಕ್ಕ ಸ್ವಾಗತ ದೊಡ್ಡದು. ಸನ್ ಆಯಿಲ್ ಕಂಪನಿಯ ಜೆ. ಹವರ್ಡ್ ಪ್ಯೂ ಮೊದಲಾದವರು ಹಣ ಒದಗಿಸಿದರು.

ಹಾಗಾದರೆ ಸೂಜಿಯ ಕಣ್ಣು, ಒಂಟೆ? ಫೈಫೀಲ್ಡರ ಬಳಿ ಉತ್ತರವಿತ್ತು. ಬೈಬಲ್ ಓದುವುದು ಮೀನು ತಿಂದಂತೆ, ಮುಳ್ಳನ್ನು ತೆಗೆದಿಟ್ಟು ಮಾಂಸವನ್ನು ತಿನ್ನಬೇಕು ಎಂದರು. ಮೀನು ತಿಂದು ಬೆಳೆದ ಕರಾವಳಿಯವನಾಗಿ ನಾನು ಕೇಳುವುದು ಇಷ್ಟೇ: ಯಾವುದು ಮುಳ್ಳು ಎಂದು ತೀರ್ಮಾನಿಸಿದವರು ಯಾರು? ಆ ಸಭೆಯ ಮುಂದಿನ ಸಾಲಿನಲ್ಲಿ ಕೂರುವ ಸಿರಿವಂತರ ಗಂಟಲಿಗೆ ಸಿಕ್ಕಿಕೊಳ್ಳುವ ವಾಕ್ಯಗಳೇ ಮುಳ್ಳುಗಳಾದವು.

1950ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಭಯ ಈ ಕೆಲಸವನ್ನು ಸಲೀಸು ಮಾಡಿತು. ಶತ್ರು ನಾಸ್ತಿಕನೂ ಹೌದು, ಬಂಡವಾಳದ ವಿರೋಧಿಯೂ ಹೌದು. ಹಾಗಾಗಿ ದೇವರು ಮತ್ತು ಮಾರುಕಟ್ಟೆ ಒಂದೇ ಪಾಳೆಯದಲ್ಲಿ ನಿಂತಂತೆ ಕಂಡಿತು. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಮ್ಮುಖದಲ್ಲಿ ವಾಷಿಂಗ್ಟನ್ನಿನ ಪ್ರಾರ್ಥನಾ ಉಪಾಹಾರ ಕೂಟ ಶುರುವಾಯಿತು. 1954ರಲ್ಲಿ ಧ್ವಜವಂದನೆಯ ಪ್ರತಿಜ್ಞೆಗೆ 'ದೇವರ ಅಧೀನದಲ್ಲಿ' ಎಂಬ ಪದಗಳು ಸೇರಿದವು. 1956ರಲ್ಲಿ 'ದೇವರಲ್ಲಿ ನಮ್ಮ ಭರವಸೆ' ಎಂಬುದು ರಾಷ್ಟ್ರದ ಧ್ಯೇಯವಾಕ್ಯವಾಯಿತು, ಮರುವರ್ಷದಿಂದ ನೋಟಿನ ಮೇಲೂ ಬಂತು. ಅನಾದಿಯಿಂದ ಇದ್ದಂತೆ ಕಾಣುವ ಇವೆಲ್ಲ ನಮ್ಮ ಸಂವಿಧಾನಕ್ಕಿಂತ ಕಿರಿಯವು. ಇಷ್ಟಾದರೂ ಐಸೆನ್‌ಹೋವರ್ ರೂಸ್‌ವೆಲ್ಟರ ಪಿಂಚಣಿ ವ್ಯವಸ್ಥೆಯನ್ನು ಕಿತ್ತುಹಾಕಲಿಲ್ಲ, ಇನ್ನಷ್ಟು ಜನರಿಗೆ ವಿಸ್ತರಿಸಿದರು. ಆದಾಯ ತೆರಿಗೆಯ ಅತಿ ಮೇಲಿನ ದರ ಅವರ ಕಾಲದಲ್ಲಿ ಶೇಕಡಾ 91 ಇತ್ತು. ಹಣ ಹಾಕಿದವರಿಗೆ ಪ್ರಾರ್ಥನೆ ಸಿಕ್ಕಿತು, ಕೇಳಿದ ಆರ್ಥಿಕ ನೀತಿ ಆಗಿನ್ನೂ ಸಿಗಲಿಲ್ಲ.

ಗರ್ಭಪಾತದ ತೀರ್ಪೇ ಅಲ್ಲವೇ ಸಭೆಗಳನ್ನು ರಾಜಕೀಯಕ್ಕೆ ತಂದದ್ದು?

ಕಥೋಲಿಕರ ಮಟ್ಟಿಗೆ ಬಹುಪಾಲು ಹೌದು. ಇವ್ಯಾಂಜೆಲಿಕಲರ, ಅಂದರೆ ಬೈಬಲ್ಲಿಗೂ ವೈಯಕ್ತಿಕ ಮನಪರಿವರ್ತನೆಗೂ ಒತ್ತು ಕೊಡುವ ಪ್ರೊಟೆಸ್ಟೆಂಟರ, ಕಥೆ ಬೇರೆ. ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟವೇ 1971ರಲ್ಲಿ ಅತ್ಯಾಚಾರ, ಭ್ರೂಣದ ತೀವ್ರ ದೋಷ, ತಾಯಿಯ ದೈಹಿಕ ಮತ್ತು ಮಾನಸಿಕ ಆರೋಗ್ಯ ಮುಂತಾದ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಕಾನೂನು ಅವಕಾಶ ಕೊಡಬೇಕೆಂದು ನಿರ್ಣಯ ಮಾಡಿತ್ತು. ಗರ್ಭಪಾತವನ್ನು ಹೆಣ್ಣಿನ ಹಕ್ಕೆಂದು ಒಪ್ಪಿದ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1973ರಲ್ಲಿ. ಬ್ಯಾಪ್ಟಿಸ್ಟ್ ಪಾಸ್ಟರ್ ಜೆರ್ರಿ ಫಾಲ್ವೆಲ್ 'ಮಾರಲ್ ಮೆಜಾರಿಟಿ' ಎಂಬ ರಾಜಕೀಯ ಸಂಘಟನೆ ಕಟ್ಟಿದ್ದು 1979ರಲ್ಲಿ. ನಡುವಿನ ಆರು ವರ್ಷಗಳಲ್ಲಿ ಏನಾಯಿತು ಎಂಬುದನ್ನು ನೋಡಬೇಕು.

ಕರಿಯರನ್ನು ದೂರವಿಡುವ ಖಾಸಗಿ ಶಾಲೆಗಳಿಗೆ ತೆರಿಗೆ ವಿನಾಯಿತಿ ಇಲ್ಲವೆಂದು 1971ರಲ್ಲಿ ನ್ಯಾಯಾಲಯ ಹೇಳಿತ್ತು. ದಕ್ಷಿಣ ಕ್ಯಾರೊಲಿನಾದ ಬಾಬ್ ಜೋನ್ಸ್ ಎಂಬ ಕ್ರೈಸ್ತ ವಿಶ್ವವಿದ್ಯಾಲಯ 1976ರಲ್ಲಿ ವರ್ಣಭೇದದ ಕಾರಣಕ್ಕೆ ವಿನಾಯಿತಿ ಕಳೆದುಕೊಂಡಿತು. 1978ರಲ್ಲಿ ತೆರಿಗೆ ಇಲಾಖೆ ನಿಯಮವನ್ನು ಬಿಗಿಗೊಳಿಸಲು ಹೊರಟಾಗ ಕ್ರೈಸ್ತ ಶಾಲೆಗಳವರು ಸಿಡಿದೆದ್ದರು. ರಾಜಕೀಯ ಸಂಘಟಕ ಪಾಲ್ ವೆಯ್ರಿಚ್, ಇವ್ಯಾಂಜೆಲಿಕಲ್ ನಾಯಕರನ್ನು ಕೆರಳಿಸಿದ್ದು ಈ ಶಾಲೆಗಳ ವಿಷಯವೇ ಎಂದು ಆಮೇಲೆ ಬಾಯಿಬಿಟ್ಟು ಹೇಳಿದ್ದಾರೆ. 'ಸರ್ಕಾರ ನಮ್ಮ ತಂಟೆಗೆ ಬರಬಾರದು' ಎಂಬ ಪಾಸ್ಟರುಗಳ ಕೂಗು, ಅದೇ ಮಾತನ್ನು ಬೇರೆ ಕಾರಣಕ್ಕೆ ಹೇಳುತ್ತಿದ್ದ ಉದ್ಯಮಿಗಳ ಕೂಗಿನೊಂದಿಗೆ ಬೆರೆತದ್ದು ಇಲ್ಲಿ.

1980ರ ಆಗಸ್ಟಿನಲ್ಲಿ ಡಲ್ಲಾಸ್‌ನಲ್ಲಿ ಸಾವಿರಾರು ಪಾಸ್ಟರುಗಳ ಮುಂದೆ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿ ರೇಗನ್, ನೀವು ನನ್ನನ್ನು ಅನುಮೋದಿಸುವಂತಿಲ್ಲವೆಂದು ಗೊತ್ತು, ಆದರೆ ನಾನು ನಿಮ್ಮನ್ನು ಅನುಮೋದಿಸುತ್ತೇನೆ ಎಂದರು. ಅವರೆದುರು ಸೋತ ಡೆಮಾಕ್ರಟಿಕ್ ಅಧ್ಯಕ್ಷ ಜಿಮ್ಮಿ ಕಾರ್ಟರ್ ಭಾನುವಾರ ಶಾಲೆಯಲ್ಲಿ ಪಾಠ ಹೇಳುವ ಬ್ಯಾಪ್ಟಿಸ್ಟ್. ಆ ಹೊತ್ತಿಗೆ ಪಕ್ಷವೇ ಮುಖ್ಯವಾಗಿತ್ತು, ಭಕ್ತಿಯಲ್ಲ. ರೇಗನ್ ಅಧಿಕಾರಕ್ಕೆ ಬಂದಾಗ ಶೇಕಡಾ 70 ಇದ್ದ ತೆರಿಗೆಯ ಮೇಲಿನ ದರ ಅವರು ಇಳಿಯುವ ಹೊತ್ತಿಗೆ ಶೇಕಡಾ 28 ಆಗಿತ್ತು.

ಒಂದು ಮಾತನ್ನು ಸೇರಿಸಲೇಬೇಕು. ಆರಂಭ ಹೇಗೇ ಆಗಿರಲಿ, ಗರ್ಭಪಾತದ ಪ್ರಶ್ನೆ ಮುಂದೆ ಲಕ್ಷಾಂತರ ಸಾಮಾನ್ಯ ವಿಶ್ವಾಸಿಗಳಿಗೆ ಆತ್ಮಸಾಕ್ಷಿಯ ಪ್ರಶ್ನೆಯಾಯಿತು. ಅವರನ್ನು ಕಪಟಿಗಳೆಂದು ಕರೆಯಲು ನಾನು ಸಿದ್ಧನಿಲ್ಲ. ಆದರೆ ಆ ಒಂದು ಮತದ ಜೊತೆಗೆ ಕಾರ್ಮಿಕ ಕಾನೂನು, ಆರೋಗ್ಯ ವಿಮೆ, ತೆರಿಗೆ ಎಲ್ಲವೂ ಒಂದೇ ಗಂಟಿನಲ್ಲಿ ಕಟ್ಟಿ ಹೋದವು.

ಅಮೆರಿಕದ ಕರಿಯರ ಸಭೆಗಳೂ ಹೀಗೆಯೇ ಏನು?

ಅದೇ ಬೈಬಲ್, ಬಹುಮಟ್ಟಿಗೆ ಅದೇ ಬ್ಯಾಪ್ಟಿಸ್ಟ್ ನಂಬುಗೆ, ಮತ ಮಾತ್ರ ತದ್ವಿರುದ್ಧ. 2016ರಲ್ಲಿ ಬಿಳಿಯ ಇವ್ಯಾಂಜೆಲಿಕಲರಲ್ಲಿ ಹತ್ತಕ್ಕೆ ಎಂಟು ಮಂದಿ ಟ್ರಂಪ್‌ಗೆ ಮತ ಹಾಕಿದರು. ಕರಿಯ ಪ್ರೊಟೆಸ್ಟೆಂಟರ ಬಹುದೊಡ್ಡ ಪಾಲು ಡೆಮಾಕ್ರಟಿಕ್ ಪಕ್ಷದ ಕಡೆಗಿತ್ತು. ಮತವನ್ನು ನಿರ್ಧರಿಸುವುದು ಗ್ರಂಥ ಒಂದೇ ಆಗಿದ್ದರೆ ಹೀಗಾಗಲು ಸಾಧ್ಯವಿರಲಿಲ್ಲ.

ಮೆಂಫಿಸ್ ನಗರದ ಕಥೆ ಕೇಳಿ. 1968ರ ಫೆಬ್ರವರಿ 1ರಂದು ಮಳೆ ಸುರಿಯುತ್ತಿತ್ತು. ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಪೌರಕಾರ್ಮಿಕರು ಕಸದ ಲಾರಿಯ ಹಿಂಭಾಗದಲ್ಲಿ ಆಸರೆ ಪಡೆದರು. ಕಸವನ್ನು ಅದುಮುವ ಯಂತ್ರ ತಾನಾಗಿ ಚಾಲೂ ಆಗಿ ಇಬ್ಬರೂ ಅದರೊಳಗೆ ಸಿಕ್ಕಿ ಸತ್ತರು. ಕೆಲವೇ ದಿನಗಳಲ್ಲಿ ಸುಮಾರು 1,300 ಕರಿಯ ಕಾರ್ಮಿಕರು ಮುಷ್ಕರ ಹೂಡಿದರು. ಅವರು ಸೇರುತ್ತಿದ್ದುದು ಕ್ಲೇಬಾರ್ನ್ ಟೆಂಪಲ್ ಎಂಬ ದೇವಾಲಯದಲ್ಲಿ. 'ನಾನೂ ಮನುಷ್ಯ' ಎಂಬ ಫಲಕ ಹಿಡಿದು ಮೆರವಣಿಗೆ ಹೊರಡುತ್ತಿದ್ದುದೂ ಅಲ್ಲಿಂದಲೇ. ಅವರ ಬೆಂಬಲಕ್ಕೆ ಬಂದಿದ್ದ ಪಾಸ್ಟರ್ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಆ ಊರಿನಲ್ಲೇ ಗುಂಡಿಗೆ ಬಲಿಯಾದರು. ಕಿಂಗ್ ಎಂದರೆ ಕನಸಿನ ಭಾಷಣ ಮಾತ್ರ ನೆನಪಿಟ್ಟುಕೊಂಡವರು ಅವರ ಕೊನೆಯ ಹೋರಾಟ ಕೂಲಿಗಾಗಿ ನಡೆದದ್ದನ್ನು ಮರೆಯಬಾರದು.

ಸಮೃದ್ಧಿಯ ಸುವಾರ್ತೆ ಎಂದರೇನು?

ನಂಬಿಕೆಯಿದ್ದರೆ ಆರೋಗ್ಯ, ಐಶ್ವರ್ಯ ಬರುತ್ತದೆ. ಕಾಣಿಕೆ ಬಿತ್ತಿದರೆ ಹಲವು ಪಟ್ಟು ಫಲ ಸಿಗುತ್ತದೆ ಎಂಬ ಬೋಧನೆ. ಓರಲ್ ರಾಬರ್ಟ್ಸ್‌ರಂಥ ಟಿವಿ ಪ್ರಸಂಗಿಗಳಿಂದ ಹಬ್ಬಿ ಇಂದು ಬ್ರೆಜಿಲ್, ನೈಜೀರಿಯಾಗಳಲ್ಲಿ ಭಾರಿ ಬಲ ಪಡೆದಿದೆ. ನಮ್ಮ ನಗರಗಳಲ್ಲೂ ಕೇಳಿಬರುತ್ತದೆ. ಬಡತನವನ್ನು ನಂಬಿಕೆಯ ಕೊರತೆ ಎಂದು ಬಡವನಿಗೇ ಹೇಳುವುದು ನನ್ನ ಕಣ್ಣಿಗೆ ಕ್ರೌರ್ಯ.

ಕಥೋಲಿಕ ಸಭೆಯ ನಿಲುವೇನು?

1891ರಲ್ಲಿ ಪೋಪ್ 13ನೆಯ ಲಿಯೋ ಕಾರ್ಮಿಕರ ಸ್ಥಿತಿಯ ಕುರಿತು ಹೊರಡಿಸಿದ ವಿಶ್ವಪತ್ರ 'ರೇರುಂ ನೊವಾರುಂ' ಇದರ ತಾಯಿಬೇರು. ಖಾಸಗಿ ಆಸ್ತಿಯ ಹಕ್ಕನ್ನು ಅದು ಒಪ್ಪಿತು, ಸಮಾಜವಾದವನ್ನು ತಿರಸ್ಕರಿಸಿತು. ಜೊತೆಗೆ ಕೂಲಿಯು ಕಾರ್ಮಿಕನ ಬದುಕಿಗೆ ಸಾಲುವಷ್ಟಿರಬೇಕು, ಒಪ್ಪಂದ ಮಾಡಿಕೊಂಡ ಮಾತ್ರಕ್ಕೆ ಕಡಿಮೆ ಕೂಲಿ ನ್ಯಾಯವಾಗುವುದಿಲ್ಲ, ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕಿದೆ ಎಂದೂ ಹೇಳಿತು. 1986ರಲ್ಲಿ, ರೇಗನ್ ಆಡಳಿತದ ನಡುವೆಯೇ, ಅಮೆರಿಕದ ಬಿಷಪರು ಆರ್ಥಿಕ ನೀತಿಯನ್ನು ಬಡವರ ಮೇಲೆ ಆಗುವ ಪರಿಣಾಮದಿಂದ ಅಳೆಯಬೇಕೆಂದು ಪತ್ರ ಹೊರಡಿಸಿದರು. 2013ರಲ್ಲಿ ಪೋಪ್ ಫ್ರಾನ್ಸಿಸ್ ಇಂಥ ಅರ್ಥವ್ಯವಸ್ಥೆ ಕೊಲ್ಲುತ್ತದೆ ಎಂದೇ ಬರೆದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಅಮೆರಿಕ ಮೂಲದ ಪೋಪ್ 14ನೆಯ ಲಿಯೋ, ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ದುಡಿಮೆಯ ಘನತೆಯ ಪ್ರಶ್ನೆ ಮತ್ತೆ ಎದ್ದಿರುವುದರಿಂದ 13ನೆಯ ಲಿಯೋನ ನೆನಪಿಗಾಗಿ ಈ ಹೆಸರನ್ನು ಆರಿಸಿಕೊಂಡೆ ಎಂದರು.

ಹಾಗೆಂದು ಕಥೋಲಿಕರೆಲ್ಲ ಇದರಂತೆ ಮತ ಹಾಕುತ್ತಾರೆ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಅವರ ಮತ ಎರಡೂ ಪಕ್ಷಗಳಿಗೆ ಹಂಚಿಹೋಗುತ್ತದೆ.

ಯುರೋಪಿನಲ್ಲಿ 'ಕ್ರಿಶ್ಚಿಯನ್' ಎಂಬ ಹೆಸರಿನ ಪಕ್ಷಗಳೇ ಇವೆಯಲ್ಲ?

ಇವೆ. ಅವುಗಳ ಇತಿಹಾಸ ಅಮೆರಿಕದವರಿಗೆ ಕಣ್ಣು ತೆರೆಸಬೇಕು. ಜರ್ಮನಿಯ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷದ ಒಂದು ವಿಭಾಗ 1947ರಲ್ಲಿ ಆಲೆನ್ ಎಂಬ ಊರಿನಲ್ಲಿ ಅಂಗೀಕರಿಸಿದ ಕಾರ್ಯಕ್ರಮವು ಬಂಡವಾಳಶಾಹಿ ವ್ಯವಸ್ಥೆ ಜರ್ಮನ್ ಜನರ ಹಿತಕ್ಕೆ ಒದಗಲಿಲ್ಲ ಎಂದು ಆರಂಭವಾಗುತ್ತದೆ. ಎರಡೇ ವರ್ಷಗಳಲ್ಲಿ ಅರ್ಥಶಾಸ್ತ್ರಜ್ಞ ಲುಡ್ವಿಗ್ ಎರ್ಹಾರ್ಡ್‌ರ ಪ್ರಭಾವದಲ್ಲಿ ಪಕ್ಷ ಮಾರುಕಟ್ಟೆಯ ಕಡೆ ತಿರುಗಿತು. ಆದರೆ 'ಸಾಮಾಜಿಕ ಮಾರುಕಟ್ಟೆ' ಎಂಬ ಹೆಸರಿನಲ್ಲಿ 'ಸಾಮಾಜಿಕ' ಎಂಬ ವಿಶೇಷಣ ಉಳಿಯಿತು. ಅದೇ ಪಕ್ಷದ ಅಡೆನಾವರ್ ಸರ್ಕಾರ 1951ರಲ್ಲಿ ಕಲ್ಲಿದ್ದಲು ಮತ್ತು ಉಕ್ಕಿನ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಕಾರ್ಮಿಕರಿಗೆ ಸರಿಸಮ ಸ್ಥಾನ ಕೊಡುವ ಕಾನೂನು ತಂದಿತು. ಬಲಪಂಥೀಯ ಕ್ರೈಸ್ತ ಪಕ್ಷವೊಂದು ಹೀಗೂ ನಡೆದುಕೊಳ್ಳಬಹುದು.

ಲ್ಯಾಟಿನ್ ಅಮೆರಿಕದಲ್ಲಿ ಇನ್ನೊಂದು ತುದಿ. 1968ರ ಮೆಡೆಲಿನ್ ಬಿಷಪರ ಸಮಾವೇಶದ ನಂತರ, ಬಡವರ ಬಿಡುಗಡೆಯೇ ಸುವಾರ್ತೆಯ ತಿರುಳು ಎನ್ನುವ ವಿಮೋಚನಾ ದೇವತಾಶಾಸ್ತ್ರ ಬೆಳೆಯಿತು, 1984ರಲ್ಲಿ ವ್ಯಾಟಿಕನ್ ಅದರ ಮಾರ್ಕ್ಸ್‌ವಾದಿ ಛಾಯೆಗಳನ್ನು ಖಂಡಿಸಿತು. ಎಲ್ ಸಾಲ್ವಡಾರಿನ ಮಹಾಬಿಷಪ್ ಒಸ್ಕಾರ್ ರೊಮೆರೊ ಬಡವರ ಪರ ನಿಂತದ್ದಕ್ಕೆ 1980ರ ಮಾರ್ಚ್ 24ರಂದು ಬಲಿಪೂಜೆ ಅರ್ಪಿಸುತ್ತಿದ್ದಾಗಲೇ ಕೊಲೆಯಾದರು. 2018ರಲ್ಲಿ ಅದೇ ವ್ಯಾಟಿಕನ್ ಅವರನ್ನು ಸಂತರೆಂದು ಘೋಷಿಸಿತು.

ನಮ್ಮ ನಾಡಿಗೂ ಇದಕ್ಕೂ ಸಂಬಂಧವಿದೆಯೇ?

ಮಂಗಳೂರಿನ ಹೆಂಚಿನ ಮೇಲೆಯೇ ಈ ಸಂಬಂಧದ ಮುದ್ರೆಯಿದೆ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಸಂಸ್ಥೆ, ಮತಾಂತರಗೊಂಡು ಜಾತಿಯ ಕಸುಬನ್ನೂ ಮನೆತನದ ಆಸರೆಯನ್ನೂ ಕಳೆದುಕೊಂಡವರಿಗೆ ಕೆಲಸ ಕೊಡಲು ನೇಯ್ಗೆ ಶಾಲೆ ತೆರೆಯಿತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿತು. 1859ರಲ್ಲಿ ಷೇರು ಬಂಡವಾಳದ ವ್ಯಾಪಾರ ಕಂಪನಿಯೇ ಹುಟ್ಟಿತು. ಲಾಭದ ಪಾಲು ಸುವಾರ್ತೆಯ ಕೆಲಸಕ್ಕೆ ಹೋಗುತ್ತಿತ್ತು. ಕೂಲಿಯ ಶಿಸ್ತು, ಗಂಟೆಯ ಶಿಸ್ತು, ಪ್ರಾರ್ಥನೆಯ ಶಿಸ್ತು ಒಂದೇ ಸೂರಿನಡಿ. ಇದರಿಂದ ಸಾವಿರಾರು ಮನೆಗಳು ಉದ್ಧಾರವಾದವು, ಜಾತಿಯ ಕಟ್ಟಿನಿಂದ ಹೊರಬಂದವರು ಕೌಶಲ ಕಲಿತರು. ಇದನ್ನು ಕೃತಜ್ಞತೆಯಿಂದಲೇ ಹೇಳುತ್ತೇನೆ. ಆದರೆ ಕೂಲಿ ಕೊಡುವ ಧಣಿಯೂ ನಡತೆ ನೋಡುವ ಸಭೆಯೂ ಒಂದೇ ಆದಾಗ, ಕೆಲಸಗಾರ ತನ್ನ ದೂರನ್ನು ಯಾರ ಬಳಿ ಹೇಳಬೇಕು? ಮೊದಲ ಮಹಾಯುದ್ಧದ ವೇಳೆ ಬ್ರಿಟಿಷ್ ಸರ್ಕಾರ ಈ ಉದ್ಯಮಗಳನ್ನು ವಶಪಡಿಸಿಕೊಂಡಿತು.

ಅದೇ ಮಂಗಳೂರಿನ ಕಥೋಲಿಕ ಮನೆಯಲ್ಲಿ 1930ರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಪಾದ್ರಿಯಾಗಲೆಂದು 16ನೆಯ ವಯಸ್ಸಿನಲ್ಲಿ ಬೆಂಗಳೂರಿನ ಸೆಮಿನರಿ ಸೇರಿದರು. ಗುರುಗಳಿಗೆ ಎತ್ತರದ ಮೇಜು, ಉತ್ತಮ ಊಟ, ವಿದ್ಯಾರ್ಥಿಗಳಿಗೆ ಬೇರೆ. ಬೋಧನೆಗೂ ನಡೆಗೂ ಇರುವ ಈ ಅಂತರ ಕಂಡು 1949ರಲ್ಲಿ ಹೊರಬಂದರು. ಮುಂಬಯಿಯ ಕಾರ್ಮಿಕ ನಾಯಕರಾದರು, 1974ರ ರೈಲ್ವೆ ಮುಷ್ಕರ ನಡೆಸಿದರು. ಕೇಂದ್ರದ ಕೈಗಾರಿಕಾ ಸಚಿವರಾಗಿ 1977ರಲ್ಲಿ ಕೋಕಾಕೋಲಾ ದೇಶ ಬಿಡುವಂತೆ ವಿದೇಶಿ ಕಂಪನಿಗಳ ಮೇಲಿನ ನಿಯಮವನ್ನು ಬಿಗಿಯಾಗಿ ಹಿಡಿದರು. ಅದೇ ಸಮಾಜವಾದಿ ಮುಂದೆ ಬಿಜೆಪಿ ನೇತೃತ್ವದ ಸರ್ಕಾರದಲ್ಲಿ ರಕ್ಷಣಾ ಸಚಿವರಾದದ್ದು ನನ್ನಂಥವರಿಗೆ ಇಂದಿಗೂ ನೋವಿನ ವಿಷಯ.

ಕೇರಳದಲ್ಲಿ ಪಕ್ಷ, ಸಭೆ, ಬೆಳೆಯ ಬೆಲೆ ಇನ್ನೂ ಹತ್ತಿರ. 1959ರಲ್ಲಿ ನಂಬೂದಿರಿಪಾಡ್ ಅವರ ಕಮ್ಯುನಿಸ್ಟ್ ಸರ್ಕಾರದ ಶಿಕ್ಷಣ ಮಸೂದೆಯ ವಿರುದ್ಧದ ಚಳವಳಿಯಲ್ಲಿ ಸಭೆ ಮುಂಚೂಣಿಯಲ್ಲಿತ್ತು. 2023ರ ಮಾರ್ಚಿನಲ್ಲಿ ತಲಶ್ಶೇರಿಯ ಮಹಾಬಿಷಪರು, ರಬ್ಬರಿಗೆ ಕೆ.ಜಿ.ಗೆ 300 ರೂಪಾಯಿ ಕೊಟ್ಟರೆ ಬಿಜೆಪಿಗೆ ಕೇರಳದಿಂದ ಸಂಸದರಿಲ್ಲದ ಕೊರತೆಯನ್ನು ನೀಗಿಸಿಕೊಡುತ್ತೇವೆ ಎಂಬರ್ಥದ ಮಾತನಾಡಿದರು. ಬೆಳೆಗಾರರ ಸಂಕಟ ನಿಜವಾದದ್ದು. ಆದರೆ ಮಂದೆಯ ಮತಕ್ಕೆ ಕುರುಬ ದರ ನಿಗದಿ ಮಾಡುವುದನ್ನು ನಾನು ಒಪ್ಪಲಾರೆ.

ಪಾದ್ರಿ ಇಂಥವರಿಗೇ ಮತ ಹಾಕಿ ಎಂದು ಹೇಳಬಹುದೇ?

ಭಾರತದಲ್ಲಿ ಧರ್ಮದ ಹೆಸರಿನಲ್ಲಿ ಮತ ಕೇಳುವುದು 1951ರ ಜನಪ್ರಾತಿನಿಧ್ಯ ಕಾಯ್ದೆಯ 123ನೆಯ ಸೆಕ್ಷನ್ ಪ್ರಕಾರ ಚುನಾವಣಾ ಭ್ರಷ್ಟಾಚಾರ. 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರರ ಧರ್ಮದ ಹೆಸರಿನಲ್ಲಿ ಕೇಳುವುದೂ ಇದರಡಿ ಬರುತ್ತದೆ ಎಂದು ಬಹುಮತದಿಂದ ಹೇಳಿತು. ಅಮೆರಿಕದಲ್ಲಿ 1954ರ ಜಾನ್ಸನ್ ತಿದ್ದುಪಡಿಯಂತೆ ತೆರಿಗೆ ವಿನಾಯಿತಿ ಪಡೆದ ಸಭೆಗಳು ಅಭ್ಯರ್ಥಿಗಳ ಪರ ಅಥವಾ ವಿರುದ್ಧ ಪ್ರಚಾರ ಮಾಡುವಂತಿಲ್ಲ. ಆದರೆ 2025ರ ಜುಲೈಯಲ್ಲಿ ಅಲ್ಲಿನ ತೆರಿಗೆ ಇಲಾಖೆಯೇ, ಆರಾಧನೆಯ ವೇಳೆ ಪಾಸ್ಟರ್ ತನ್ನ ಸಭೆಗೆ ಹೇಳುವ ಮಾತು ಈ ನಿಷೇಧಕ್ಕೆ ಒಳಪಡುವುದಿಲ್ಲ ಎಂದು ನ್ಯಾಯಾಲಯದ ಮುಂದೆ ನಿಲುವು ತಳೆಯಿತು.

ಕಥೋಲಿಕ ಪಾದ್ರಿಗಳಿಗೆ ಸಭೆಯ ಕಾನೂನೇ ಸರ್ಕಾರಿ ಅಧಿಕಾರದ ಹುದ್ದೆಗಳನ್ನು ನಿಷೇಧಿಸಿದೆ. ಮ್ಯಾಸಚೂಸೆಟ್ಸಿನಿಂದ ಅಮೆರಿಕದ ಸಂಸತ್ತಿಗೆ ಹತ್ತು ವರ್ಷ ಆರಿಸಿ ಬಂದ ಯೇಸುಸಭೆಯ (ಜೆಸ್ಯುಯಿಟ್) ಪಾದ್ರಿ ರಾಬರ್ಟ್ ಡ್ರೈನನ್, 1980ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರ ಆದೇಶ ಬಂದಾಗ ಮತ್ತೆ ಸ್ಪರ್ಧಿಸಲಿಲ್ಲ.

ನನ್ನನ್ನು ಕೇಳಿದರೆ, ಪ್ರಸಂಗಪೀಠದಿಂದ ಕೂಲಿಯ ಬಗ್ಗೆ, ಸಾಲದ ಬಗ್ಗೆ, ಭೂಮಿಯ ಬಗ್ಗೆ ಮಾತು ಬರಲೇಬೇಕು. ಯಾಕೋಬನ ಪತ್ರಿಕೆಯ ಆ 5ನೆಯ ಅಧ್ಯಾಯವನ್ನು ವರ್ಷಕ್ಕೊಮ್ಮೆಯಾದರೂ ಗಟ್ಟಿಯಾಗಿ ಓದಬೇಕು. ಅಭ್ಯರ್ಥಿಯ ಹೆಸರು ಮಾತ್ರ ಬರಬಾರದು. ನಿಮ್ಮ ಸಭೆಯಲ್ಲಿ ಹೆಸರು ಬಂದರೆ, ಆರಾಧನೆ ಮುಗಿದ ಮೇಲೆ ಸಭಾಪಾಲಕರ ಹತ್ತಿರ ಹೋಗಿ, ಅಯ್ಯನವರೇ ಇದು ಸರಿಯಲ್ಲ ಎಂದು ಗೌರವದಿಂದ, ಆದರೆ ಅಂಜದೆ ಹೇಳಿ. ಹಾಗೆ ಹೇಳುವ ಹಕ್ಕು ಸಭೆಯ ಪ್ರತಿಯೊಬ್ಬ ಸದಸ್ಯನಿಗೂ ಇದೆ.